ಊಟ ಬೇಡ ಅನ್ನುವ ಮಗು, ಹಿತ್ತಾಳೆ ತಪ್ಪಲೆಯ ಹಾಲು

ಹಳೆ ಮೈಸೂರು ಕಡೆಯ ಮನೆಗಳಲ್ಲಿ ವಂಶವೃಕ್ಷ ಬರೆಯಲು ಕೂತವರಿಗೆ ಇದು ಗೊತ್ತಿರುತ್ತದೆ. ಮುತ್ತಜ್ಜಿಗೆ ಹತ್ತು ಮಕ್ಕಳು, ದಕ್ಕಿದ್ದು ಆರು. ಹೋದ ನಾಲ್ಕರ ಹೆಸರು ಯಾರಿಗೂ ನೆನಪಿಲ್ಲ. ಕೆದಕಿ ಕೇಳಿದರೆ "ಒಂದು ಸಿಡುಬಲ್ಲಿ ಹೋಯ್ತು, ಒಂದು ವಾಂತಿಭೇದಿ, ಇನ್ನೆರಡು ಲಿವರ್ರು" ಅನ್ನುತ್ತಾರೆ. ಸಿಡುಬು ಗೊತ್ತು, ವಾಂತಿಭೇದಿ ಗೊತ್ತು. ಆದರೆ ಒಂದೂವರೆ ವರ್ಷದ ಕೂಸಿಗೆ ಲಿವರ್ ಕಾಯಿಲೆ ಹೇಗೆ ಬರುತ್ತದೆ? ಅದೂ ಒಂದೇ ತಾಯಿಯ ಎರಡು ಮಕ್ಕಳಿಗೆ?

ಈ ಪ್ರಶ್ನೆ ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿತ್ತು. ನಾನು ಡಾಕ್ಟರಲ್ಲ, ಓದುವ ಚಟ ಇರುವವನು ಅಷ್ಟೆ. ಓದುತ್ತಾ ಹೋದ ಹಾಗೆ ಇದು ನಾನು ಅಂದುಕೊಂಡದ್ದಕ್ಕಿಂತ ದೊಡ್ಡ ಕಥೆ ಅಂತ ತಿಳಿಯಿತು. ಇದರಲ್ಲಿ ಕಲ್ಕತ್ತೆ ಇದೆ, ಪುಣೆ ಇದೆ, ನಮ್ಮ ಮೈಸೂರೂ ಇದೆ, ಎಲ್ಲೋ ಆಸ್ಟ್ರಿಯಾದ ಬೆಟ್ಟಗಳೂ ಇವೆ. ಎಲ್ಲ ಕಡೆಯೂ ಮಧ್ಯದಲ್ಲಿ ಕೂತಿರುವುದು ಒಂದೇ ಚಿತ್ರ: ಊಟ ಬೇಡ ಅಂತ ಮುಖ ತಿರುಗಿಸುವ ಮಗು, ಒಂದು ತುತ್ತಾದರೂ ತಿನ್ನಲಿ ಅಂತ ಹಿಂದೆ ಬಿದ್ದಿರುವ ತಾಯಿ.

ಕಲ್ಕತ್ತೆಯ ಡಾ. ಸೇನ್ ಅನ್ನುವವರು 1887ರಲ್ಲಿ ಈ ಕಾಯಿಲೆಯನ್ನು ಮೊದಲ ಸಲ ವೈದ್ಯರ ಗಮನಕ್ಕೆ ತಂದರು. 1891ರಲ್ಲಿ ಗಿಬ್ಬನ್ಸ್ ಎಂಬ ವೈದ್ಯರು ಅಲ್ಲಿಯ ಮಕ್ಕಳ ಬಗ್ಗೆಯೇ ಇನ್ನಷ್ಟು ವಿವರವಾಗಿ ಬರೆದರು. ಆಮೇಲೆ ಮದ್ರಾಸು, ಮೈಸೂರು, ಮುಂಬಯಿ, ಪಂಜಾಬು, ಹೀಗೆ ಎಲ್ಲ ಕಡೆಯಿಂದ ವರದಿಗಳು ಬರತೊಡಗಿದವು. ಕೊನೆಗೆ ಪುಸ್ತಕಗಳಲ್ಲಿ ಉಳಿದ ಹೆಸರು 'ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್'. ಸಿರೋಸಿಸ್ ಅಂದರೆ ಲಿವರ್ ಗಾಯಗೊಂಡು, ಗಾಯ ಮಾಗುವಾಗ ನಾರುಗಟ್ಟಿ, ಕಲ್ಲಿನಂತೆ ಗಟ್ಟಿಯಾಗುವುದು. ನಾವು ಸಾಮಾನ್ಯವಾಗಿ ಅದನ್ನು ಹೆಂಡ ಕುಡಿಯುವವರ ಕಾಯಿಲೆ ಅಂತ ಕೇಳಿರುತ್ತೇವೆ. ಈ ಮಕ್ಕಳ ಲಿವರ್ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕುಡುಕರ ಲಿವರ್‌ನಲ್ಲಿ ಕಾಣುವಂಥ ಗುರುತುಗಳೇ ಕಾಣುತ್ತಿದ್ದವಂತೆ. ಹಾಲು ಬಿಟ್ಟು ಬೇರೇನೂ ಕುಡಿದಿರದ ಕೂಸುಗಳಲ್ಲಿ!

ಕಾಯಿಲೆ ಶುರುವಾಗುತ್ತಿದ್ದುದು ಸದ್ದಿಲ್ಲದೆ. ಆರು ತಿಂಗಳಿಂದ ನಾಲ್ಕೈದು ವರ್ಷದ ಒಳಗಿನ ಮಕ್ಕಳು, ಅದರಲ್ಲೂ ಒಂದರಿಂದ ಮೂರು ವರ್ಷದವರು ಹೆಚ್ಚು. ಮೊದಲು ಸಿಡುಕು. ಆಮೇಲೆ ಹಸಿವಿನಲ್ಲಿ ಏರುಪೇರು. ಸಣ್ಣಗೆ ಜ್ವರ. ಹೊಟ್ಟೆ ಉಬ್ಬಿದ ಹಾಗೆ. ವೈದ್ಯರು ಮುಟ್ಟಿ ನೋಡಿದರೆ ಬಲಗಡೆ ಪಕ್ಕೆಲುಬಿನ ಕೆಳಗೆ ಎಲೆಯ ಅಂಚಿನ ಹಾಗೆ ಚೂಪಾದ, ಗಟ್ಟಿಯಾದ ಲಿವರ್ ಕೈಗೆ ಸಿಗುತ್ತಿತ್ತು. ಕಾಮಾಲೆ ಕಾಣಿಸಿಕೊಳ್ಳುತ್ತಿದ್ದುದು ತೀರಾ ತಡವಾಗಿ. ಅದು ಬಂತೆಂದರೆ ಹೆಚ್ಚಾಗಿ ಕೆಲವು ತಿಂಗಳ ಲೆಕ್ಕ.

ಈ ಪಟ್ಟಿಯ ಮೊದಲ ಎರಡು ಗುರುತುಗಳನ್ನು ಇನ್ನೊಮ್ಮೆ ನೋಡಿ. ಸಿಡುಕು, ಊಟ ಸೇರದಿರುವುದು. ಒಂದು ವರ್ಷದ ಯಾವ ಮಗು ಸಿಡುಕುವುದಿಲ್ಲ? ಯಾವ ಮಗು ಊಟಕ್ಕೆ ರಂಪ ಮಾಡುವುದಿಲ್ಲ? ಹಾಗಾಗಿ ಮನೆಯಲ್ಲಿ ಮೊದಲು ದೃಷ್ಟಿ ತೆಗೆದರು, ಆಮೇಲೆ ತಾಯತ ಕಟ್ಟಿಸಿದರು, ಆಮೇಲೆ ತಾಯಿಯ ಕಡೆ ತಿರುಗಿದರು. "ನಿನ್ನ ಹಾಲು ಸರಿಯಿಲ್ಲ." "ನಿನ್ನ ಹಾಲು ಮಗೂಗೆ ಆಗಿಬರ್ತಿಲ್ಲ." ಹೀಗೆ ಹೇಳಿ ಎದೆಹಾಲು ಬಿಡಿಸಿ ಹಸುವಿನ ಹಾಲು ಶುರು ಮಾಡುತ್ತಿದ್ದರು. ನಮ್ಮ ಅಜ್ಜಿಯ ವಿಷಯದಲ್ಲಿ ಆದದ್ದೂ ಇದೇ. ಮೊದಲ ಮಗು ಹೋದ ಮೇಲೆ ಎರಡನೆಯದಕ್ಕೆ ಎದೆಹಾಲು ಕೊಡಲು ಹಿರಿಯರು ಬಿಡಲಿಲ್ಲವಂತೆ. ಮನೆಯ ಹಸುವಿನ ಗಟ್ಟಿ ಹಾಲು, ಹಿತ್ತಾಳೆ ತಪ್ಪಲೆಯಲ್ಲಿ ಕಾಯಿಸಿ, ಒಳಲೆಯಲ್ಲಿ ಕುಡಿಸಿದ್ದು. ಅದೂ ಉಳಿಯಲಿಲ್ಲ. ಅವರು ಇದನ್ನು ಹೇಳುವಾಗ ಯಾರ ಮೇಲೂ ಸಿಟ್ಟಿರಲಿಲ್ಲ, "ನನ್ನ ಹಾಲೇ ವಿಷವಾಗಿತ್ತು" ಅಂತ ನಂಬಿಯೇ ಬದುಕಿದರು. ಈ ಲೇಖನ ಬರೆಯಲು ನಿಜವಾದ ಕಾರಣ ಆ ಮಾತು.

ವೈದ್ಯರೇನೂ ಸುಮ್ಮನೆ ಕೂತಿರಲಿಲ್ಲ. 1955ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಉಪಸಮಿತಿಯೊಂದು ಕಾರಣ ಹುಡುಕಲು ಹೊರಟು ವರದಿ ಪ್ರಕಟಿಸಿತು. ಮದ್ರಾಸಿನಲ್ಲಿ ಡಾ. ಎಸ್. ಟಿ. ಆಚಾರ್ ಮತ್ತು ಸಂಗಡಿಗರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಕಾಯಿಲೆ ಹಿಂದೂ ಮನೆಗಳಲ್ಲಿ ಹೆಚ್ಚು, ಮುಸ್ಲಿಂ ಮತ್ತು ಕ್ರೈಸ್ತ ಮನೆಗಳಲ್ಲಿ ಅಪರೂಪ. ತೀರಾ ಬಡವರಿಗಿಂತ ಅನುಕೂಲಸ್ಥ, ಹಸು ಕಟ್ಟಿಕೊಂಡ ಮನೆಗಳಲ್ಲಿ ಹೆಚ್ಚು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಸಾಲಾಗಿ ಹೋಗುವುದೂ ಇತ್ತು. ಇದರಿಂದ ಏನು ತೀರ್ಮಾನಿಸುವುದು? ರಕ್ತಸಂಬಂಧದ ಮದುವೆ ಅಂದರು, ವೈರಸ್ ಅಂದರು, ತಾಯಿಯ ಆಹಾರ ಅಂದರು, ಪ್ರೋಟೀನ್ ಕೊರತೆ ಅಂದರು. ಆ ಹೊತ್ತಿಗೆ ಪತ್ರಿಕೆಗಳ ತುಂಬ ಮಕ್ಕಳ ಲಿವರ್ ಟಾನಿಕ್‌ಗಳ ಜಾಹೀರಾತು. ಮದ್ರಾಸಿನ ಜಮ್ಮಿ ಲಿವರ್ ಕ್ಯೂರ್ ಹೆಸರು ಕೇಳದ ಹಳಬರಿಲ್ಲ. 1955ರಲ್ಲಿ ಲಿವ್ 52 ಬಂತು. ಈ ಔಷಧಗಳ ಗುಣಾವಗುಣ ನನ್ನ ವಿಷಯವಲ್ಲ. ಇಷ್ಟು ಜಾಹೀರಾತು ನಡೆಯಬೇಕಾದರೆ ಎಷ್ಟು ಮನೆಗಳಲ್ಲಿ ಆ ಭಯ ಇದ್ದಿರಬೇಕು ಅನ್ನುವುದಷ್ಟೇ ನನಗೆ ಮುಖ್ಯ.

ಈಗ ಮೈಸೂರಿಗೆ ಬರೋಣ. ಇದು ನಮ್ಮವರಲ್ಲೇ ಅನೇಕರಿಗೆ ಗೊತ್ತಿಲ್ಲದ ಅಧ್ಯಾಯ.

ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಸಿಎಫ್‌ಟಿಆರ್‌ಐ ಶುರುವಾಯಿತಲ್ಲ, ಅದರ ಆರಂಭದ ಕನಸುಗಳಲ್ಲಿ ಒಂದು, ಬಡ ಮಕ್ಕಳಿಗೆ ಅಗ್ಗದ ಪ್ರೋಟೀನ್ ಒದಗಿಸುವುದು. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿ ನಮ್ಮಲ್ಲಿ ಧಾರಾಳ. ಅದನ್ನು ಶುದ್ಧ ಮಾಡಿ ಹಿಟ್ಟು ಮಾಡಿ, ಕಡಲೆಹಿಟ್ಟಿನ ಜೊತೆ ಬೆರೆಸಿ 'ಮಲ್ಟಿಪರ್ಪಸ್ ಫುಡ್' ಅಂತ ತಯಾರಿಸಿದರು. ಲೆಕ್ಕ ಚೆನ್ನಾಗಿತ್ತು, ಉದ್ದೇಶವಂತೂ ತುಂಬಾ ಚೆನ್ನಾಗಿತ್ತು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದ ಹಾಗೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ, ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ. ಆ ಬೂಸ್ಟು ತಯಾರಿಸುವ ವಿಷಕ್ಕೆ ಅಫ್ಲಟಾಕ್ಸಿನ್ ಅಂತ ಹೆಸರಿಟ್ಟರು. ಅದು ಹೋಗಿ ಹೊಡೆಯುವುದು ನೇರವಾಗಿ ಲಿವರ್‌ಗೆ. ಮಳೆಗೆ ಸಿಕ್ಕ, ಸರಿಯಾಗಿ ಒಣಗದ ಕಡಲೆಕಾಯಿ ನಮ್ಮಲ್ಲೂ ಇದೆಯಲ್ಲ! ಸಿಎಫ್‌ಟಿಆರ್‌ಐನ ವಿ. ಶ್ರೀನಿವಾಸಮೂರ್ತಿ ಮತ್ತಿತರರು ಇದರ ಹಿಂದೆ ಬಿದ್ದರು. ಮಕ್ಕಳ ತಜ್ಞೆ ಡಾ. ಇಂದಿರಾ ಅಮ್ಲ, ಶ್ರೀನಿವಾಸಮೂರ್ತಿ, ಸಿಎಫ್‌ಟಿಆರ್‌ಐ ನಿರ್ದೇಶಕರಾಗಿದ್ದ ಪಾರ್ಪಿಯಾ ಮೊದಲಾದವರು ಸೇರಿ 1971ರಲ್ಲಿ ಅಮೆರಿಕದ ಪೌಷ್ಟಿಕತೆಯ ಪತ್ರಿಕೆಯೊಂದರಲ್ಲಿ ಒಂದು ಲೇಖನ ಪ್ರಕಟಿಸಿದರು. ತೀವ್ರ ಅಪೌಷ್ಟಿಕತೆಯಿಂದ ನರಳುತ್ತಿದ್ದ ಮಕ್ಕಳಿಗೆ ಚೇತರಿಸಿಕೊಳ್ಳಲಿ ಅಂತ ಕಡಲೆಕಾಯಿ ಹಿಟ್ಟು ಕೊಡಲಾಗಿತ್ತು. ಆ ಹಿಟ್ಟಿನಲ್ಲಿ ಅಫ್ಲಟಾಕ್ಸಿನ್ ಇದ್ದದ್ದು ಆಮೇಲೆ ಗೊತ್ತಾಯಿತು. ಮಕ್ಕಳ ಲಿವರ್ ಊದಿಕೊಂಡಿತು, ಕೆಲವರಲ್ಲಿ ಅದು ಸಿರೋಸಿಸ್‌ವರೆಗೆ ಹೋಯಿತು.

ತೂಕ ಹೆಚ್ಚಲಿ ಅಂತ ಕೊಟ್ಟ ಆಹಾರವೇ ಹೀಗಾಯಿತು. ಇದನ್ನು ಮುಚ್ಚಿಡಬಹುದಿತ್ತು. ಅವರು ಮುಚ್ಚಿಡಲಿಲ್ಲ, ಬರೆದು ಜಗತ್ತಿಗೆ ತಿಳಿಸಿದರು. ಆ ಲೇಖನವನ್ನು ಅಫ್ಲಟಾಕ್ಸಿನ್ ಬಗ್ಗೆ ಬರೆಯುವವರು ಇವತ್ತಿಗೂ ಉಲ್ಲೇಖಿಸುತ್ತಾರೆ. ಆಹಾರದಲ್ಲಿ ಈ ವಿಷ ಎಷ್ಟರ ಮಟ್ಟಿಗೆ ಇರಬಹುದು ಅನ್ನುವ ಮಿತಿಗಳು ಬರಲು ಇಂಥ ಕೆಲಸಗಳೇ ದಾರಿ ಮಾಡಿದವು. ನನ್ನ ದೃಷ್ಟಿಯಲ್ಲಿ ಮೈಸೂರಿನ ವಿಜ್ಞಾನದ ಇತಿಹಾಸದಲ್ಲಿ ಇದೊಂದು ದೊಡ್ಡ ಘಟನೆ. ದಸರಾ ಮೆರವಣಿಗೆಯ ಸ್ತಬ್ಧಚಿತ್ರಕ್ಕೆ ಹೊಂದದ ಘಟನೆ, ಅದು ಬೇರೆ ಮಾತು :)

ಆದರೆ ಅಫ್ಲಟಾಕ್ಸಿನ್ ಪೂರ್ತಿ ಉತ್ತರವಾಗಲಿಲ್ಲ. ಹಿಟ್ಟು, ಹಿಂಡಿ ಮುಟ್ಟದೆ ಬರೀ ಹಾಲು ಕುಡಿಯುವ ಮಕ್ಕಳಲ್ಲೂ ಕಾಯಿಲೆ ಇತ್ತಲ್ಲ? ಅದಕ್ಕೆ ಸುಳಿವು ಸಿಕ್ಕಿದ್ದು 1970ರ ದಶಕದ ಕೊನೆಗೆ.

1979ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ತಂಡಗಳು ಒಂದೇ ವಿಷಯ ಹೇಳಿದವು. ಒಂದರಲ್ಲಿ ಹ್ಯಾನ್ಸ್ ಪಾಪರ್, ನಮ್ಮ ಎನ್. ಸಿ. ನಾಯಕ್ ಮೊದಲಾದವರು. ಇನ್ನೊಂದರಲ್ಲಿ ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್, ಪುಣೆಯ ಕೆಇಎಂ ಆಸ್ಪತ್ರೆಯ ಆನಂದ್ ಪಂಡಿತ್ ಮೊದಲಾದವರು. ಈ ಮಕ್ಕಳ ಲಿವರ್‌ನಲ್ಲಿ ವಿಪರೀತ ತಾಮ್ರ ತುಂಬಿದೆ ಅನ್ನುವುದು ಆ ವಿಷಯ. ಒಣಗಿಸಿದ ಲಿವರ್‌ನ ಒಂದು ಗ್ರಾಂನಲ್ಲಿ ಸಾಮಾನ್ಯವಾಗಿ 50 ಮೈಕ್ರೋಗ್ರಾಂಗಿಂತ ಕಡಿಮೆ ತಾಮ್ರ ಇರಬೇಕು. ಇವರಲ್ಲಿ ನೂರಾರು, ಹಲವರಲ್ಲಿ ಸಾವಿರ ದಾಟಿ ಇತ್ತು.

ತಾಮ್ರ ಎಲ್ಲಿಂದ ಬಂತು? ಪುಣೆಯಲ್ಲಿ ಡಾ. ಶೀಲಾ ಭಾವೆ, ಡಾ. ಪಂಡಿತ್ ಅವರು ಟ್ಯಾನರ್ ಜೊತೆ ಸೇರಿ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಅವರು ದೊಡ್ಡ ಯಂತ್ರಗಳ ಮೊರೆ ಹೋಗುವುದಕ್ಕಿಂತ ಮೊದಲು ತಾಯಂದಿರನ್ನು ಕೇಳಿದರು. ಮಗುವಿಗೆ ಎದೆಹಾಲು ಎಷ್ಟು ದಿನ ಕೊಟ್ಟಿರಿ? ಮೇಲಿನ ಹಾಲು ಯಾವಾಗ ಶುರು ಮಾಡಿದಿರಿ? ಯಾವುದರಲ್ಲಿ ಕಾಯಿಸುತ್ತೀರಿ? ಯಾವುದರಲ್ಲಿ ಇಡುತ್ತೀರಿ? 1983ರಲ್ಲಿ ಮತ್ತೆ ಲ್ಯಾನ್ಸೆಟ್‌ನಲ್ಲಿ ಉತ್ತರ ಬಂತು. ಕಾಯಿಲೆ ಬಂದ ಮಕ್ಕಳಿಗೆ ಹಸು ಎಮ್ಮೆ ಹಾಲು ಬೇಗ ಶುರುವಾಗಿತ್ತು, ಆ ಹಾಲು ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಯುತ್ತಿತ್ತು, ಅಲ್ಲೇ ಉಳಿದಿರುತ್ತಿತ್ತು. 1987ರಲ್ಲಿ ಕಾಯಿಲೆ ಇರುವ ಮಕ್ಕಳನ್ನೂ ಇಲ್ಲದ ಮಕ್ಕಳನ್ನೂ ಜೋಡಿ ಮಾಡಿ ಹೋಲಿಸಿದಾಗಲೂ ಅದೇ ಕಂಡಿತು.

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸಿನ್‌ಗೆ ತಾಮ್ರವನ್ನು ಕಚ್ಚಿ ಹಿಡಿಯುವ ಗುಣ ಇದೆ. ಹಾಗಾಗಿ ಅಂಥ ಪಾತ್ರೆಯಲ್ಲಿ ಹಾಲು ಹೊತ್ತು ಕಳೆದಷ್ಟೂ ತಾಮ್ರ ಏರುತ್ತದೆ. ಜೊತೆಗೆ ಹುಟ್ಟಿದ ಮಗುವಿನ ಲಿವರ್‌ನಲ್ಲಿ ಮೊದಲೇ ತಾಮ್ರ ಹೆಚ್ಚು. ತಾಯಿಯ ಗರ್ಭದಲ್ಲಿ ಕೊನೆಯ ತಿಂಗಳುಗಳಲ್ಲಿ ಅದು ಕೂಡಿಟ್ಟುಕೊಂಡ ಬುತ್ತಿ ಅದು. ಪಿತ್ತರಸದ ಮೂಲಕ ತಾಮ್ರವನ್ನು ಹೊರಹಾಕುವ ಶಕ್ತಿ ಎಳೆಯ ಲಿವರ್‌ಗೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಎದೆಹಾಲಿನಲ್ಲಿ ಎಷ್ಟು ಬೇಕೋ ಅಷ್ಟೇ, ಬಹಳ ಕಡಿಮೆ ತಾಮ್ರ ಇರುತ್ತದೆ. ಅಂದರೆ ನಮ್ಮ ಅಜ್ಜಿಯ ಎದೆಹಾಲು ವಿಷವಲ್ಲ. ಅದನ್ನು ಬಿಡಿಸಿ ಕೊಟ್ಟ ಹಾಲಿನಲ್ಲಿ, ಹಾಲಿನಲ್ಲೂ ಅಲ್ಲ, ಅದನ್ನಿಟ್ಟ ಪಾತ್ರೆಯಲ್ಲಿ ತೊಂದರೆ ಇದ್ದಿರಬೇಕು. ಅವರು ಇರುವಾಗ ಇದನ್ನು ಹೇಳಲು ನನಗೂ ಗೊತ್ತಿರಲಿಲ್ಲ.

ಇಲ್ಲಿ ಕಲಾಯಿಯ ಮಾತು ಬರಲೇಬೇಕು. ಬೀದಿಯ ಮೂಲೆಯಲ್ಲಿ ನೆಲ ತೋಡಿ, ತಿದಿ ಒತ್ತಿ, ಕೆಂಡ ಕಾಯಿಸಿ, ಪಾತ್ರೆಗೆ ನವಸಾಗರ ಸವರಿ, ತವರದ ಕಡ್ಡಿ ಮುಟ್ಟಿಸಿ ಬಟ್ಟೆಯಲ್ಲಿ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತಲ್ಲ. ಆ ತೆಳು ತವರದ ಪದರ ಹಾಲಿಗೂ ತಾಮ್ರಕ್ಕೂ ನಡುವಿನ ಗೋಡೆ. ನಮ್ಮಲ್ಲಿ ಹುಳಿ, ಸಾರು, ಮಜ್ಜಿಗೆ ಹುಳಿ ಮಾಡುವ ಪಾತ್ರೆಗೆ ತಪ್ಪದೆ ಕಲಾಯಿ ಹಾಕಿಸುತ್ತಿದ್ದರು. ಇಲ್ಲದಿದ್ದರೆ ಕಿಲುಬು ಹತ್ತಿ ರುಚಿ ಕೆಟ್ಟು ನಾಲಿಗೆಗೇ ಗೊತ್ತಾಗುತ್ತಿತ್ತು. ಹಾಲಿಗೆ ಹುಳಿಯಿಲ್ಲವಲ್ಲ, ಕಿಲುಬಿನ ಭಯ ಇರಲಿಲ್ಲ. ಕಲಾಯಿ ಸವೆದ ತಪ್ಪಲೆ ಹಾಲಿಗೆ ನಡೆದುಹೋಗುತ್ತಿತ್ತು. ಮುಸ್ಲಿಂ ಮನೆಗಳಲ್ಲಿ ಕಾಯಿಲೆ ಅಪರೂಪವಾಗಿದ್ದಕ್ಕೆ ಅಲ್ಲಿ ಕಲಾಯಿ ಹಾಕಿದ ತಾಮ್ರ ಮತ್ತು ಅಲ್ಯುಮಿನಿಯಂ ಪಾತ್ರೆಗಳ ಬಳಕೆ ಕಾರಣ ಇರಬಹುದು ಅನ್ನುವ ಊಹೆಯೂ ಇದೆ. ಜಾತಿ, ಧರ್ಮ, ರಕ್ತ ಅಂತೆಲ್ಲ ಹುಡುಕಿದ ವ್ಯತ್ಯಾಸ ಪಾತ್ರೆ ಪಡಗದಲ್ಲಿ ಇತ್ತೇನೋ ನೋಡಿ.

ಪುಣೆಯವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ತಾಮ್ರವನ್ನು ದೇಹದಿಂದ ಎಳೆದು ಹೊರಹಾಕುವ ಪೆನಿಸಿಲಮೈನ್ ಎಂಬ ಔಷಧವನ್ನು, 1956ರಲ್ಲಿ ಜಾನ್ ವಾಲ್ಶ್ ಬೇರೊಂದು ತಾಮ್ರದ ಕಾಯಿಲೆಗೆ ತಂದಿದ್ದನ್ನು, ಈ ಮಕ್ಕಳಿಗೆ ಕೊಟ್ಟರು. ಕಾಮಾಲೆ ಬರುವ ಮೊದಲೇ ಶುರು ಮಾಡಿದರೆ ಹಲವು ಮಕ್ಕಳು ಉಳಿದರು. 1996ರಲ್ಲಿ ಅವರು ಬರೆದ ಪ್ರಕಾರ ಹಾಗೆ ಉಳಿದವರು ಔಷಧ ನಿಲ್ಲಿಸಿದ ಮೇಲೂ ಚೆನ್ನಾಗಿದ್ದರು. ನೂರು ವರ್ಷ ಸಾವೇ ಗತಿ ಅಂದುಕೊಂಡಿದ್ದ ಕಾಯಿಲೆ ಇದು.

ಹಾಗೆ ನೋಡಿದರೆ ಕಾಯಿಲೆಯನ್ನು ಓಡಿಸಿದ್ದು ಆಸ್ಪತ್ರೆಗಿಂತ ಹೆಚ್ಚಾಗಿ ಸ್ಟೀಲ್ ಪಾತ್ರೆ. 1960-70ರ ದಶಕಗಳಲ್ಲಿ ಮದುವೆಯ ಉಡುಗೊರೆಯಾಗಿ, ಹಳೆ ಜರಿ ಸೀರೆಗೆ ಬದಲಾಗಿ, ಚೀಟಿ ಹಾಕಿ, ಒಂದೊಂದೇ ಸ್ಟೀಲ್ ಡಬ್ಬ ಮನೆಗೆ ಬಂತು. ಹಿತ್ತಾಳೆ ಅಟ್ಟ ಸೇರಿತು. 1990ರ ದಶಕದ ಹೊತ್ತಿಗೆ ಈ ಕಾಯಿಲೆಯ ಮಗು ಬಂದರೆ ವೈದ್ಯ ವಿದ್ಯಾರ್ಥಿಗಳನ್ನು ಕರೆದು ತೋರಿಸುವಷ್ಟು ಅಪರೂಪವಾಯಿತು. ಆಸ್ಟ್ರಿಯಾದ ಟಿರೋಲ್ ಬೆಟ್ಟಗಳಲ್ಲೂ ಹೀಗೇ ಆಗಿತ್ತು ಅಂತ 1996ರಲ್ಲಿ ಮುಲ್ಲರ್ ಮತ್ತಿತರರು ಬರೆದರು. ಅಲ್ಲಿ 1900ರಿಂದ 1974ರ ನಡುವೆ 138 ಮಕ್ಕಳು ಇಂಥದೇ ಕಾಯಿಲೆಯಲ್ಲಿ ಹೋಗಿದ್ದರು. ಅಲ್ಲಿಯ ರೈತರ ಮನೆಗಳಲ್ಲೂ ಹಸುವಿನ ಹಾಲು, ಕಲಾಯಿಯಿಲ್ಲದ ತಾಮ್ರದ ಪಾತ್ರೆ. ಪಾತ್ರೆ ಬದಲಾದ ಮೇಲೆ ಅಲ್ಲೂ ಕಾಯಿಲೆ ಮಾಯ. ಆದರೆ ಆ ಹಾಲು ಕುಡಿದ ಎಲ್ಲ ಮಕ್ಕಳಿಗೂ ಬರಲಿಲ್ಲ, ವಂಶದಲ್ಲಿ ಏನೋ ದೌರ್ಬಲ್ಯವೂ ಬೇಕಿತ್ತು ಅನ್ನುತ್ತಾರೆ. ಇನ್ನೊಂದು ಕಡೆ, 1979ರಲ್ಲಿ ತಾಮ್ರ ಕಂಡವರಲ್ಲಿ ಒಬ್ಬರಾದ ಅದೇ ನಾಯಕ್ ಅವರು 2013ರಲ್ಲಿ ಬರೆದ ವಿಮರ್ಶೆಯಲ್ಲಿ ಪಾತ್ರೆಯ ತಾಮ್ರವೇ ಮೂಲ ಕಾರಣ ಅನ್ನುವುದನ್ನು ಒಪ್ಪಿಲ್ಲ. ನನಗೆ ಪುಣೆಯವರ ವಾದವೇ ಹೆಚ್ಚು ಹಿಡಿಸುತ್ತದೆ. ಆದರೂ ವಾದ ಮುಗಿದಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಈ ಒಂದು ಕಾಯಿಲೆ ಹೋಯಿತು, ಮಕ್ಕಳ ಲಿವರ್ ಕಾಯಿಲೆ ಹೋಗಲಿಲ್ಲ. ಹುಟ್ಟುವಾಗಲೇ ಪಿತ್ತನಾಳ ಮುಚ್ಚಿಹೋಗಿರುವ ಮಕ್ಕಳಿದ್ದಾರೆ, ವಂಶದಿಂದ ಬರುವ ಬೇರೆ ಬೇರೆ ಕಾಯಿಲೆಗಳಿವೆ. ಆ ಮಕ್ಕಳೂ ಊಟ ಬೇಡ ಅನ್ನುತ್ತಾರೆ. ಯಾಕೆ? ಹಳಬರ ಉತ್ತರ "ಹಟ", ಇಲ್ಲವೇ "ಅಮ್ಮನಿಗೆ ಉಣ್ಣಿಸಲು ಬರಲ್ಲ". ಸರಿಯಾದ ಉತ್ತರದ ಕಡೆ ಮೊದಲ ಹೆಜ್ಜೆ ಇಟ್ಟದ್ದು ಇಲಿಗಳು.

ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಡಗ್ಲಸ್ ಕೋಲ್ಮನ್ 1960ರ ದಶಕದ ಕೊನೆಗೆ ಒಂದು ವಿಚಿತ್ರ ಪ್ರಯೋಗ ಮಾಡಿದರು. ವಿಪರೀತ ತಿಂದು ದಪ್ಪಗಾಗುವ ಒಂದು ಜಾತಿಯ ಇಲಿಯನ್ನೂ ಸಾಮಾನ್ಯ ಇಲಿಯನ್ನೂ ಹೊಲಿದು, ಇಬ್ಬರ ರಕ್ತವೂ ಒಬ್ಬರಿಂದೊಬ್ಬರಿಗೆ ಹರಿಯುವ ಹಾಗೆ ಮಾಡಿದರು. ದಪ್ಪ ಇಲಿಗೆ ಏನೂ ಆಗಲಿಲ್ಲ. ಸಾಮಾನ್ಯ ಇಲಿ ಎದುರಿಗೆ ಆಹಾರ ಇಟ್ಟುಕೊಂಡೇ ತಿನ್ನದೆ ಸತ್ತಿತು. ಅದರ ಹೊಟ್ಟೆ ಖಾಲಿ, ಆದರೆ ಜೊತೆಗಾರನ ರಕ್ತದಿಂದ "ಸಾಕು, ಹೊಟ್ಟೆ ತುಂಬಿದೆ" ಅನ್ನುವ ಸಂದೇಶ ಬರುತ್ತಲೇ ಇತ್ತು. ಆ ಸಂದೇಶ ಯಾವುದು ಅಂತ 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಹಿಡಿದರು. ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಅನ್ನುವ ಹಾರ್ಮೋನ್. ಗ್ರೀಕ್‌ನಲ್ಲಿ 'ಲೆಪ್ಟೋಸ್' ಅಂದರೆ ತೆಳ್ಳಗೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವ ಇದರ ವಿರುದ್ಧದ ಸಂದೇಶ ಕಂಡುಹಿಡಿದರು. ಅದು ಜಠರದಿಂದ ಹೊರಟು "ಹಸಿವು, ಏನಾದರೂ ಹಾಕು" ಅಂತ ಮಿದುಳಿಗೆ ಕೂಗುವ ಗ್ರೆಲಿನ್. ಊಟದ ಹೊತ್ತಿಗೆ ಮೊದಲು ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಪದಮೂಲದ ಹುಚ್ಚಿರುವ ಗೆಳೆಯರಿಗೆ ಒಂದು ಮಾತು: ಹೆಸರಿನಲ್ಲಿರುವ 'ಘ್ರೆ' ಎನ್ನುವುದು 'ಬೆಳೆ' ಎಂಬ ಅರ್ಥದ ಹಳೆಯ ಇಂಡೋ-ಯುರೋಪಿಯನ್ ಧಾತು. ಯಾಕೆಂದರೆ ಗ್ರೆಲಿನ್ ಹಸಿವಿನ ಜೊತೆಗೆ ಬೆಳವಣಿಗೆಯ ಹಾರ್ಮೋನನ್ನೂ ಹೊರಡಿಸುತ್ತದೆ.

ಈಗ ಲಿವರ್ ಹಾಳಾದ ಮಗುವನ್ನು ಯೋಚಿಸಿ. ಊದಿದ ಲಿವರ್, ಗುಲ್ಮ, ಹೊಟ್ಟೆಯಲ್ಲಿ ತುಂಬಿದ ನೀರು ಸೇರಿ ಜಠರವನ್ನು ಒತ್ತುತ್ತವೆ, ನಾಲ್ಕು ತುತ್ತಿಗೆ ಜಾಗ ಮುಗಿಯುತ್ತದೆ. ಉರಿಯೂತದಿಂದ ರಕ್ತದಲ್ಲಿ ಓಡಾಡುವ ಕೆಲವು ಪ್ರೋಟೀನುಗಳು ಮಿದುಳಿನಲ್ಲಿ ಹಸಿವನ್ನೇ ಆರಿಸುತ್ತವೆ, ಜ್ವರ ಬಂದಾಗ ನಮಗೆ ಊಟ ಸೇರುವುದಿಲ್ಲವಲ್ಲ ಹಾಗೆ. ಸತುವು ಕಡಿಮೆಯಾದರೆ ನಾಲಿಗೆಗೆ ರುಚಿ ಹತ್ತುವುದಿಲ್ಲ. ಗ್ರೆಲಿನ್, ಲೆಪ್ಟಿನ್‌ಗಳ ಏರಿಳಿತವೂ ತಪ್ಪುತ್ತದೆ. ಅದು ಹೇಗೆ ತಪ್ಪುತ್ತದೆ ಅನ್ನುವುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವರು ಗ್ರೆಲಿನ್ ಏರಿದ್ದು ಕಂಡರು, ಕೆಲವರು ಇಳಿದದ್ದು. ಕಾಯಿಲೆಯ ಹಂತ, ರಕ್ತ ತೆಗೆದ ಹೊತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2018ರಲ್ಲಿ ಇನ್ನೊಂದು ಸ್ವಾರಸ್ಯದ ವಿಷಯ ತಿಳಿಯಿತು. ಗ್ರೆಲಿನ್‌ನ ಕೆಲಸವನ್ನು ತಡೆಯುವ ಲೀಪ್-2 ಅನ್ನುವ ಸಣ್ಣ ಪ್ರೋಟೀನ್ ತಯಾರಾಗುವುದು ಸಣ್ಣ ಕರುಳಿನಲ್ಲಿ ಮತ್ತು ಲಿವರ್‌ನಲ್ಲೇ! ಇಷ್ಟು ದಿನ ಹಸಿವಿನ ಮಾತುಕತೆ ಹೊಟ್ಟೆಗೂ ಮಿದುಳಿಗೂ ನಡುವೆ ಅಂದುಕೊಂಡಿದ್ದೆವು, ಲಿವರ್ ಮಧ್ಯದಲ್ಲಿ ಕೂತು ಬಾಯಿ ಹಾಕುತ್ತಿದೆ.

ಬೆಳವಣಿಗೆಯ ಸಂದೇಶವೂ ಅಷ್ಟೆ. ಮಿದುಳಿನ ಬುಡದಿಂದ ಬಂದ ಹಾರ್ಮೋನನ್ನು ಕೇಳಿಸಿಕೊಂಡು, ಮೂಳೆಗೆ "ಬೆಳೆ" ಅಂತ ಹೇಳುವ ಇನ್ನೊಂದು ಹಾರ್ಮೋನನ್ನು ತಯಾರಿಸುವುದು ಮುಖ್ಯವಾಗಿ ಲಿವರ್. ಅದು ಸೋತರೆ ಮೇಲಿಂದ ಎಷ್ಟು ಕೂಗಿದರೂ ಮಗು ಬೆಳೆಯುವುದಿಲ್ಲ. ಐದು ವರ್ಷದ ಮಗು ಮೂರು ವರ್ಷದ್ದರ ಹಾಗೆ ಕಾಣುವುದಕ್ಕೆ ಅಮ್ಮ ಉಣ್ಣಿಸದಿದ್ದುದೇ ಕಾರಣ ಅಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಇಷ್ಟರ ಮೇಲೆ ನಮ್ಮ ಪಥ್ಯ. ಕಾಮಾಲೆ ಅಂದರೆ ಎಣ್ಣೆ ಬೇಡ, ತುಪ್ಪ ಬೇಡ, ಬೇಳೆ ಬೇಡ, ಅರಿಶಿನ ಮೊದಲೇ ಬೇಡ. ಮಜ್ಜಿಗೆ ಅನ್ನ, ಕಬ್ಬಿನ ಹಾಲು, ನೆಲನೆಲ್ಲಿ ರಸ. ಕೆಲವು ಕಡೆ ಕೈಗೆ ಬರೆ ಹಾಕುವುದೂ ಇತ್ತು. ನಾಲ್ಕು ವಾರದಲ್ಲಿ ತಾನಾಗಿ ವಾಸಿಯಾಗುವ ಕಾಮಾಲೆಯಲ್ಲಿ ದೊಡ್ಡವರು ಈ ಪಥ್ಯ ಮಾಡಿ ಬದುಕಿಕೊಳ್ಳುತ್ತಾರೆ. ವರ್ಷಗಟ್ಟಲೆ ಲಿವರ್ ಕಾಯಿಲೆ ಇರುವ ಮಗುವಿಗೆ ಇದನ್ನೇ ಮಾಡಿದರೆ ಅದು ಉಪವಾಸ. ಪಥ್ಯದ ಹುಚ್ಚು ನಮ್ಮದಷ್ಟೇ ಅಲ್ಲ ಅನ್ನಿ. ಲಿವರ್ ಸೋತವರಿಗೆ ಪ್ರೋಟೀನ್‌ನಿಂದ ಮಂಪರು ಬರುತ್ತದೆ ಅಂತ 1950ರ ದಶಕದಲ್ಲಿ ಅಮೆರಿಕ, ಇಂಗ್ಲೆಂಡಿನ ದೊಡ್ಡ ವೈದ್ಯರು ಕಂಡುಕೊಂಡ ಮೇಲೆ ಆಸ್ಪತ್ರೆಗಳಲ್ಲೂ ಪ್ರೋಟೀನ್ ಕಡಿಮೆ ಮಾಡುವುದು ರೂಢಿಯಾಯಿತು, ದಶಕಗಟ್ಟಲೆ ನಡೆಯಿತು. 2004ರಲ್ಲಿ ಬಾರ್ಸಿಲೋನಾದ ವೈದ್ಯರು ದೊಡ್ಡವರಲ್ಲಿ ಪರೀಕ್ಷೆ ಮಾಡಿ ಪ್ರೋಟೀನ್ ತಡೆದದ್ದರಿಂದ ಏನೂ ಲಾಭವಿಲ್ಲ ಅಂತ ತೋರಿಸಿದರು.

ಮಕ್ಕಳ ವಿಷಯದಲ್ಲಿ ಇವತ್ತಿನ ಪಾಠ ಪೂರ್ತಿ ಉಲ್ಟಾ. ಆರೋಗ್ಯವಂತ ಮಗುವಿಗಿಂತ ಈ ಮಗುವಿಗೆ ಸುಮಾರು 120ರಿಂದ 150 ಶೇಕಡಾದಷ್ಟು ಶಕ್ತಿ ಬೇಕು. ದಿನಕ್ಕೆ ತೂಕದ ಒಂದು ಕಿಲೋಗೆ 2-3 ಗ್ರಾಂ ಪ್ರೋಟೀನ್ ಕೊಡಬೇಕು ಅನ್ನುತ್ತಾರೆ. ಪಿತ್ತರಸ ಕರುಳಿಗೆ ಇಳಿಯದಿದ್ದರೆ ಮಾಮೂಲಿ ಎಣ್ಣೆ, ತುಪ್ಪ ಸರಿಯಾಗಿ ಅರಗುವುದಿಲ್ಲ, ಜೊತೆಗೆ ಎ, ಡಿ, ಇ, ಕೆ ವಿಟಮಿನ್ನುಗಳೂ ಹೋಗುತ್ತವೆ. ಅದಕ್ಕೆ ಪಿತ್ತರಸದ ಹಂಗಿಲ್ಲದೆ ಸೇರುವ ಒಂದು ಜಾತಿಯ ಕೊಬ್ಬನ್ನು ಸೇರಿಸುತ್ತಾರೆ, ವಿಟಮಿನ್ನುಗಳನ್ನು ಬೇರೆಯಾಗಿ ಕೊಡುತ್ತಾರೆ. ತೂಕದ ಯಂತ್ರವನ್ನು ನಂಬುವುದಿಲ್ಲ. ಹೊಟ್ಟೆಯ ನೀರು, ಊದಿದ ಲಿವರ್ ಸೇರಿ ತೂಕ ಚೆನ್ನಾಗೇ ಇದೆ ಅನ್ನಿಸುತ್ತದೆ. ಅದರ ಬದಲು ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯುತ್ತಾರೆ. ಹೊಟ್ಟೆ ಗುಡಾಣ, ತೋಳು ಕಡ್ಡಿ ಅಂದರೆ ಮಗು ಸೊರಗುತ್ತಿದೆ ಅಂತಲೇ ಅರ್ಥ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಮಗು ಬಾಯಿ ತೆಗೆಯದಿದ್ದರೆ? ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಇಳಿಸಿ, ರಾತ್ರಿಯಿಡೀ ನಿದ್ದೆಯಲ್ಲೇ ತೊಟ್ಟುತೊಟ್ಟಾಗಿ ಆಹಾರ ಹರಿಸುತ್ತಾರೆ. ಲಿವರ್ ಹಾಳಾದವರು ರಾತ್ರಿಯ ಉಪವಾಸವನ್ನೂ ತಡೆಯಲಾರರು. ನಮ್ಮ ಲಿವರ್ ರಾತ್ರಿಗೆ ಬೇಕಾದ ಸಕ್ಕರೆಯನ್ನು ಕೂಡಿಟ್ಟುಕೊಂಡಿರುತ್ತದೆ, ಅವರದಕ್ಕೆ ಆ ಕಣಜ ಚಿಕ್ಕದು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರಾಸ್ ಶೆಫರ್ಡ್ ತಂಡ ಲಿವರ್ ಕಸಿಗೆ ಕಾಯುತ್ತಿದ್ದ ಮಕ್ಕಳ ಆಹಾರದ ಮೇಲೆ 1990ರ ಸುಮಾರಿಗೆ ಮಾಡಿದ ಕೆಲಸ ಈ ದಾರಿಯಲ್ಲಿ ಮುಖ್ಯವಾದದ್ದು. ಚೆನ್ನಾಗಿ ಉಂಡು ಗಟ್ಟಿಯಾದ ಮಗು ಕಸಿಯನ್ನು ಹೆಚ್ಚು ಚೆನ್ನಾಗಿ ತಡೆದುಕೊಳ್ಳುತ್ತದೆ.

ಭಾರತದಲ್ಲಿ ಮಗುವಿಗೆ ಮೊದಲ ಯಶಸ್ವಿ ಲಿವರ್ ಕಸಿ ಆದದ್ದು 1998ರ ನವೆಂಬರಿನಲ್ಲಿ, ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ. 20 ತಿಂಗಳ ಕೂಸು. ಲಿವರ್ ತುಂಡು ಕೊಟ್ಟದ್ದು ಅಪ್ಪ. ಈಗ ಬೆಂಗಳೂರಿನಲ್ಲೂ ಮಕ್ಕಳಿಗೆ ಕಸಿ ನಡೆಯುತ್ತದೆ.

ಕೊನೆಗೆ ಒಂದು ಮಾತು, ಈಗ ತಾಮ್ರದ ಬಾಟಲಿ, ಹಿತ್ತಾಳೆ ಪಾತ್ರೆ ಮತ್ತೆ ಫ್ಯಾಷನ್ ಆಗಿವೆಯಲ್ಲ, ಅದಕ್ಕೆ. ಆರೋಗ್ಯವಂತ ದೊಡ್ಡವರು ತಾಮ್ರದ ಚೊಂಬಿನಲ್ಲಿಟ್ಟ ನೀರು ಕುಡಿದರೆ ಹೆಚ್ಚಿನ ತಾಮ್ರವನ್ನು ಲಿವರ್ ಹೊರಹಾಕಿಬಿಡುತ್ತದೆ, ಗಾಬರಿ ಬೇಡ. ಕೂಸಿನ ಹಾಲು ಮಾತ್ರ ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದಲ್ಲಿ ಕಾಯಿಸುವುದು, ಇಡುವುದು ಬೇಡ. ಅಮೆಜಾನ್‌ನಲ್ಲಿ 'ಸಾಂಪ್ರದಾಯಿಕ' ಅಂತ ಬರೆದಿದ್ದರೂ ಬೇಡ.

ನಿಮ್ಮ ಅಟ್ಟದ ಮೇಲೆ ಹಳೆಯ ಹಿತ್ತಾಳೆ ಒಳಲೆ, ಹಾಲಿನ ತಪ್ಪಲೆ ಇದ್ದರೆ ಇಳಿಸಿ ನೋಡಿ, ಒಳಗೆ ಕಲಾಯಿಯ ಗುರುತು ಇದೆಯೇ ಅಂತ ತಿಳಿಸಿ. ಮನೆಯ ಹಿರಿಯರು ಇನ್ನೂ ಇದ್ದರೆ ಲಿವರ್‌ನಲ್ಲಿ ಹೋದ ಮಕ್ಕಳಿಗೆ ಯಾವ ಹಾಲು, ಯಾವಾಗಿನಿಂದ ಕೊಟ್ಟಿದ್ದರು ಅಂತ ಮೆಲ್ಲಗೆ ಕೇಳಿ ಬರೆಯಿರಿ. ಆ ಮಕ್ಕಳ ಹೆಸರು ಅವರಿಗೆ ನೆನಪಿದ್ದರೆ ಅದನ್ನೂ.